ಖಲಾಸ್ ಅಂದದ್ದು ನಾನೇ

ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತೆಂಟು ನಿಮಿಷ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನೀರಿನ ಟ್ಯಾಂಕಿನ ಮುಚ್ಚಳ ಹಾಕಿ ಕೆಳಗಿಳಿದವನು ಕೈಗಡಿಯಾರ ಬಿಚ್ಚುತ್ತಿದ್ದೆ. ಅದರ ಸ್ಟೀಲಿನ ಪಟ್ಟಿ ಕಾದು ಮಣಿಕಟ್ಟು ಸುಡುತ್ತಿತ್ತು. ಕಣ್ಣು ಮುಳ್ಳಿನ ಮೇಲಿದ್ದಾಗಲೇ ತಾರಸಿಯ ಕಬ್ಬಿಣದ ಬಾಗಿಲು ಮುಚ್ಚಿದ ಸದ್ದು ಕೇಳಿತು. ಗಾಳಿ ದೂಡಿರಬೇಕು ಅಂದುಕೊಂಡೆ. ಜುಲೈ ತಿಂಗಳ ಮಸ್ಕತ್ತಿನಲ್ಲಿ ಆ ಹೊತ್ತಿಗೆ ಒಣಗಲು ಹಾಕಿದ ಕರವಸ್ತ್ರ ಅಲುಗುವಷ್ಟೂ ಗಾಳಿ ಇರುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಹಾಗೆಯೇ ಅಂದುಕೊಂಡೆ. ಆಮೇಲೆ ಎಷ್ಟೋ ಸಲ ಮಲಗಿದಲ್ಲಿಂದಲೇ ನಾನು ಆ ನಿಮಿಷಕ್ಕೆ ಹಿಂದಿರುಗಿದ್ದೇನೆ. ಪ್ರತಿ ಸಲವೂ ಸದ್ದು ಕೇಳಿದ ತಕ್ಷಣ ಓಡಿಹೋಗಿ ಬಾಗಿಲು ಬಡಿಯುತ್ತೇನೆ, ಮೆಟ್ಟಿಲಿಳಿಯುತ್ತಿರುವ ವಾಚ್‌ಮನ್‌ಗೆ ಕೇಳಿಸುತ್ತದೆ, ಅವನು ಬಂದು ಬೀಗ ತೆಗೆಯುತ್ತಾನೆ. ನಿಜದಲ್ಲಿ ನಾನು ಗಡಿಯಾರವನ್ನು ಜೇಬಿಗೆ ಹಾಕಿಕೊಂಡು, ಬೆವರೊರೆಸಿಕೊಂಡು ನಿಂತಿದ್ದೆ.

ಎಣ್ಣೆಯ ಬೆಲೆ ನೆಲಕಚ್ಚಿದ್ದ ವರ್ಷಗಳು ಅವು. ಇನ್ನೂ ಎಲ್ಲರ ಕೈಗೆ ಮೊಬೈಲು ಬಂದಿರಲಿಲ್ಲ. ಅಲ್ ಗುಬ್ರಾದ ನಮ್ಮ ಆರು ಮಹಡಿಯ ಕಟ್ಟಡದಲ್ಲಿ ಅರ್ಧಕ್ಕರ್ಧ ಮನೆಗಳು ಖಾಲಿ. ಹೋಗುವವರು ಸೋಫಾ, ಫ್ರಿಜ್ಜು, ಮಕ್ಕಳ ಸೈಕಲ್ಲುಗಳನ್ನು ಕೆಳಗಿನ ಪಾರ್ಕಿಂಗಿನಲ್ಲಿಟ್ಟು ಬಂದಷ್ಟಕ್ಕೆ ಮಾರಿ ಹೋಗುತ್ತಿದ್ದರು. ನಾನು ಘಾಲಾದಲ್ಲಿ ಒಂದು ಕಟ್ಟಡ ಗುತ್ತಿಗೆ ಕಂಪನಿಯಲ್ಲಿ ಎಂಜಿನಿಯರ್. ಪ್ರತಿ ಬುಧವಾರ ಮಧ್ಯಾಹ್ನ, ಗುರುವಾರ-ಶುಕ್ರವಾರದ ವಾರದ ರಜೆಗೆ ಮೊದಲು, ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸುತ್ತಿದ್ದರು. ಅದರಲ್ಲಿ ಹೆಸರಿದ್ದವರು ತಿಂಗಳೊಳಗೆ ದೇಶ ಬಿಡಬೇಕು. ಪಾಸ್‌ಪೋರ್ಟು ನಮ್ಮ ವೀಸಾಕ್ಕೆ ಜವಾಬ್ದಾರನಾದ ಕಫೀಲನ ಕಪಾಟಿನಲ್ಲಿ. ಅವನ ಸಹಿಯಿಲ್ಲದೆ ಬೇರೆ ಕೆಲಸಕ್ಕೆ ಸೇರುವಂತಿಲ್ಲ. ಇರುವುದಕ್ಕೂ ಹೋಗುವುದಕ್ಕೂ ಇನ್ನೊಬ್ಬರ ಅಪ್ಪಣೆ. ಕಾರಿನಲ್ಲಿ ಘಾಲಾ, ಕಾರಿನಲ್ಲಿ ಮನೆ, ಎರಡೂ ಕಡೆ ಕಿಟಕಿ ಮುಚ್ಚಿ ಏಸಿ. ಹನ್ನೊಂದು ವರ್ಷ ಇದ್ದ ಊರಿನ ರಸ್ತೆಗಳಲ್ಲಿ ನಾನು ನಡೆದದ್ದು ಎಷ್ಟು ಎಂದು ಕೇಳಿದರೆ ಉತ್ತರವಿರಲಿಲ್ಲ.

ತಾರಸಿಯ ಮೇಲೆ ನನ್ನ ಜೊತೆಗಿದ್ದವರು ನಡೆಯುವ ಮನುಷ್ಯ. ಆರನೇ ಮಹಡಿಯಲ್ಲಿ ಒಬ್ಬರೇ ಇದ್ದ ಪೋರ್ಚುಗಲ್ಲಿನ ಸರ್ವೇಯರ್. ಅರವತ್ತು ದಾಟಿತ್ತು, ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು. ನನ್ನ ಹೆಣ್ಣುಮಕ್ಕಳು ಅವರನ್ನು ಲಿಸ್ಬನ್ ಅಂಕಲ್ ಎನ್ನುತ್ತಿದ್ದರು. ಅವರ ಕಂಪನಿಯ ರಸ್ತೆ ಕೆಲಸ ಅರ್ಧಕ್ಕೆ ನಿಂತಿತ್ತು, ಆ ಚಳಿಗಾಲದೊಳಗೆ ಅವರೂ ಹೊರಡಬೇಕಿತ್ತು. ಅದು ಗೊತ್ತಿದ್ದೂ ಅವರು ಬೆಳಗಿನ ಆರು ಗಂಟೆಗೆ, ಬಿಸಿಲೇರುವ ಮುನ್ನ, ಹತ್ತಿರದ ತಂದೂರಿನ ಅಂಗಡಿಗೆ ನಡೆದುಹೋಗಿ ಎರಡು ರೊಟ್ಟಿ ತರುತ್ತಿದ್ದರು. ಒಂದು ದಾರಿಯಲ್ಲೇ ಮುಗಿಯುತ್ತಿತ್ತು. ಬಿಸಿ ರೊಟ್ಟಿಯನ್ನು ಮನೆಗೆ ತಂದು ತಿನ್ನುವುದು ಅದಕ್ಕೆ ಮಾಡುವ ಅವಮಾನ ಎನ್ನುತ್ತಿದ್ದರು. ಆಮೇಲೆ ಕೆಫೆಟೇರಿಯಾದ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ರಸ್ತೆಗೆ ಮುಖ ಮಾಡಿ ಒಂದು ಸಣ್ಣ ಲೋಟ ಚಹಾ. ನಾನು ಕಾರಿನಲ್ಲಿ ಹೋಗುವಾಗ ಆ ಲೋಟ ಎತ್ತಿ ತೋರಿಸುತ್ತಿದ್ದರು.

"ಗುಬ್ರಾದಾಗ ನಡಕೊಂಡ ಹೋಗಾವ್ರು ಇಬ್ಬರ," ಎಂದು ನನ್ನ ಹೆಂಡತಿ ನಗುತ್ತಿದ್ದಳು. "ಒಂದು ಆಡು, ಇನ್ನೊಂದು ನಿಮ್ಮ ಲಿಸ್ಬನ್ ಅಜ್ಜ. ಆಡಿಗರ ನೆಳ್ಳಾಗ ಕೂಡಬೇಕಂತ ತಿಳೀತೈತಿ."

ಅವರ ಇನ್ನೊಂದು ಸಂತೋಷ ಬಟ್ಟೆ ಒಣಗಿಸುವುದು. ನಾವೆಲ್ಲ ಬಾಲ್ಕನಿಯಲ್ಲಿ ಹಾಕಿದರೆ ಅವರು ಶುಕ್ರವಾರ ಹೊದಿಕೆಗಳನ್ನು ಒಗೆದು ತಾರಸಿಗೆ ಒಯ್ಯುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ ಹಪ್ಪಳದಂತಾದ ಬಿಳಿ ಹೊದಿಕೆಗೆ ಮೂಗಿಟ್ಟು, ಇದು ಲಿಸ್ಬನ್ನಿನಲ್ಲಿ ಸಿಗದ ವಾಸನೆ, ಅಲ್ಲಿ ಸಮುದ್ರದ ತೇವ ಬಿಡುವುದಿಲ್ಲ ಎನ್ನುತ್ತಿದ್ದರು. ಬೇಸಿಗೆಯಲ್ಲಿ ನಮ್ಮ ತಣ್ಣೀರಿನ ನಲ್ಲಿಯಲ್ಲೂ ಟ್ಯಾಂಕಿನ ಕುದಿನೀರೇ ಬರುತ್ತದೆ. ಗೀಸರಿನ ಸ್ವಿಚ್ ಆರಿಸಿ, ಒಳಗೆ ನಿಂತು ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿದು ಸ್ನಾನ ಮಾಡಬೇಕು. ಈ ತಲೆಕೆಳಗಾದ ವ್ಯವಸ್ಥೆಯನ್ನು ಅವರಿಗೆ ಕಲಿಸಿದ್ದು ನನ್ನ ಹೆಂಡತಿ. ಅದನ್ನು ಅವರು ಮನೆಗೆ ಬಂದವರಿಗೆಲ್ಲ ತಾವೇ ಕಂಡುಹಿಡಿದಂತೆ ವಿವರಿಸುತ್ತಿದ್ದರು.

ಮತ್ತು ಶಬ್ದಗಳು. ಒಮ್ಮೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ನನ್ನಾಕೆ ಮಗಳಿಗೆ "ಮೇಜಿನ ಮ್ಯಾಲಿನ ಚಾವಿ ತೊಗೊಂಡು ಬಾ" ಅಂದಳು. ಅವರು ತುತ್ತು ಕೈಯಲ್ಲೇ ಹಿಡಿದು ಕೂತುಬಿಟ್ಟರು. ಅವರ ಭಾಷೆಯಲ್ಲೂ ಮೇಜಿಗೆ ಮೇಜಾ, ಚಾವಿಗೆ ಚಾವಿಯನ್ನೇ ಹೋಲುವ ಮಾತು. ಗದಗಿನ ಕಡೆಯ ನಾವು ಆಡುವ ಕನ್ನಡದಲ್ಲಿ ಅವರ ಅಜ್ಜಂದಿರ ಮಾತುಗಳು ಬಿದ್ದಿವೆ ಎಂದು ಇಬ್ಬರಿಗೂ ಅಲ್ಲಿಯವರೆಗೆ ತಿಳಿದಿರಲಿಲ್ಲ. ಅಂದಿನಿಂದ ಅವರು ಸಿಕ್ಕಲ್ಲೆಲ್ಲ ಶಬ್ದ ಕೇಳುತ್ತಿದ್ದರು. ಬಟಾಟಿ, ಪಗಾರ, ಟುವಾಲು, ಪಾವ್. ಮೊದಲ ಮಹಡಿಯಲ್ಲಿದ್ದ ಉಡುಪಿ ಕಡೆಯ ಅಕೌಂಟೆಂಟರು ಬಕೇಟಿಗೆ ಬಾಲ್ದಿಯನ್ನೂ ಕಿಟಕಿಗೆ ಜನೇಲವನ್ನೂ ಕೊಟ್ಟರು. ಅಡುಗೆಮನೆಯ ಕಪಾಟಿನ ಬಾಗಿಲಿನ ಒಳಮೈಯಲ್ಲಿ ಪೆನ್ಸಿಲಿನಿಂದ ಅವೆಲ್ಲವನ್ನು ಅವರು ಬರೆದಿಟ್ಟಿದ್ದರು. ಪಾರ್ಕಿಂಗಿನಲ್ಲಿ ಸಾಮಾನು ಮಾರುವವರನ್ನು ನೋಡಿ ನಾನು "ಲಿಲಾವು" ಅಂದಾಗ, ಅದೂ ತಮ್ಮದೇ ಎಂದು ಖುಷಿಪಟ್ಟು, ಮರುಗಳಿಗೆಗೆ ಅಲ್ಲಿದ್ದ ಸೈಕಲ್ಲೊಂದರ ಗಂಟೆ ಬಾರಿಸಿ ನೋಡಿದರು.

ಆ ಶುಕ್ರವಾರ ಹೆಂಡತಿ ಮಕ್ಕಳು ಶಾಲೆಯ ರಜೆಗೆ ಊರಿಗೆ ಹೋಗಿ ತಿಂಗಳಾಗಿತ್ತು. ಬೆಳಿಗ್ಗೆ ಐದನೇ ಮಹಡಿಯ ನನ್ನ ಮನೆಯ ನಲ್ಲಿ ಒಣಗಿತು. ನಮ್ಮಲ್ಲಿ ಮೇಲಿನ ಮಹಡಿಗೆ ಮೊದಲು ನೀರು ನಿಲ್ಲುತ್ತದೆ, ಕೆಳಗಿನವರಿಗೆ ಕೊಳವೆಯೊಳಗಿನದು ಮುಗಿಯುವವರೆಗೂ ಬರುತ್ತಿರುತ್ತದೆ. ವಾಚ್‌ಮನ್‌ನ ಹತ್ತಿರ ಹೋಗಿ ಹೇಳಿದೆ. ಬಾಂಗ್ಲಾದೇಶದ ಚಿತ್ತಗಾಂಗಿನವನು, ಐವತ್ತರ ಆಸುಪಾಸು, ಮದರಂಗಿ ಹಚ್ಚಿದ ಗಡ್ಡ. ತಾರಸಿಗೆ ಬೀಗ ಹಾಕುವುದು ಮಾಲೀಕರ ಕಟ್ಟಪ್ಪಣೆ, ಯಾರೋ ಡಿಶ್ ಆ್ಯಂಟೆನಾದ ಕೇಬಲ್ಲು ಕದ್ದ ಮೇಲೆ ಬಂದದ್ದು. ಅವನು ಬೆಳಿಗ್ಗೆಯೇ ಲಿಸ್ಬನ್ನಿನವರಿಗಾಗಿ ಬಾಗಿಲು ತೆಗೆದಿದ್ದ.

"ಆಪ್ ದೇಖೋ ಸಾಬ್," ಅಂದ. ನೀವೇ ನೋಡಿ, ನಾನು ನಮಾಜಿಗೆ ಸ್ನಾನ ಮಾಡಿ ಬರುತ್ತೇನೆ, ಆಮೇಲೆ ಬೀಗ ಹಾಕಿ ಹೋಗುತ್ತೇನೆ ಎಂದು.

ನಾನು ಮನೆಯ ಬಾಗಿಲು ತೆರೆದಿಟ್ಟೇ ಮೇಲೆ ಹೋದೆ. ಲಿಸ್ಬನ್ನಿನವರು ಹೊದಿಕೆ ಹಾಕಿದ್ದ ಹಗ್ಗಗಳ ಆಚೆ, ತಾರಸಿಯ ಕೊನೆಯಲ್ಲಿ, ಕಬ್ಬಿಣದ ಕಾಲುಗಳ ಮೇಲೆ ಟ್ಯಾಂಕು. ಅದರ ಪಕ್ಕದಲ್ಲೇ ಗಾಳಿಗಂಡಿ. ನೆಲದಿಂದ ತಾರಸಿಯವರೆಗೆ ತೆರೆದ ಚೌಕ ಬಾವಿ ಅದು. ಪ್ರತಿ ಮನೆಯ ಬಚ್ಚಲಿನ ಕಿಟಕಿ ಅದಕ್ಕೆ ತೆರೆದುಕೊಳ್ಳುತ್ತಿತ್ತು. ನಾನು ಏಣಿ ಹತ್ತಿ ಮುಚ್ಚಳ ಎತ್ತಿದೆ. ಹೊರಗಿನ ಬೆಳಕಿಗೆ ಕುರುಡಾದ ಕಣ್ಣಿಗೆ ಒಳಗೆ ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ. ಅದೇ ಹೊತ್ತಿಗೆ ಗಾಳಿಗಂಡಿಯೊಳಗಿಂದ ವಾಚ್‌ಮನ್‌ನ ದನಿ ಬಂತು:

"ಸಾಬ್, ಖಲಾಸ್?"

"ಖಲಾಸ್," ಎಂದು ನಾನು ಗಂಡಿಯೊಳಕ್ಕೆ ಕೂಗಿದೆ. "ಪೂರಾ ಖಲಾಸ್."

ನೀರು ಖಲಾಸಾಯಿತೇ ಎಂದು ಅವನು ಕೇಳಿದ, ಪೂರ್ತಿ ಖಲಾಸಾಗಿದೆ ಎಂದು ನಾನು ಹೇಳಿದೆ. ನನ್ನ ಲೆಕ್ಕ ಇಷ್ಟೇ. ನಮ್ಮೂರಲ್ಲಿ ಎಣ್ಣೆ ಡಬ್ಬಿ ಬರಿದಾದರೆ ಖಲಾಸು, ಜಾತ್ರೆಯಲ್ಲಿ ಜೇಬು ಬರಿದಾದರೆ ಖಲಾಸು, ಮುದುಕ ಸತ್ತರೂ ಖಲಾಸು. ಈ ದೇಶದಲ್ಲಿ ಅದೇ ಮಾತಿಗೆ ಆಯಿತು, ಕೆಲಸ ಮುಗಿಯಿತು, ಇನ್ನು ನೀನು ಹೋಗಬಹುದು ಎಂದರ್ಥ. ಹನ್ನೊಂದು ವರ್ಷ ನಾನೂ ಹಾಗೆಯೇ ಬಳಸಿದ್ದೆ. ಆ ಗಳಿಗೆಯಲ್ಲಿ, ಏಣಿಯ ಮೇಲೆ, ಬಾಯಿಗೆ ಬಂದದ್ದು ಗದಗಿನ ಖಲಾಸು.

ಅವನು ನಿಂತಿದ್ದದ್ದು ಐದನೇ ಮಹಡಿಯ ನನ್ನ ತೆರೆದ ಬಾಗಿಲ ಮುಂದೆ. ನನ್ನ ಉತ್ತರ ಅವನಿಗೆ ಕೇಳಿಸಿದ್ದು ನನ್ನದೇ ಬಚ್ಚಲಿನ ಕಿಟಕಿಯಿಂದ. ಸಾಹೇಬರು ಇಳಿದು ಬಂದು ಒಳಗಿದ್ದಾರೆ, ಕೆಲಸ ಮುಗಿದಿದೆ ಎಂದುಕೊಂಡ. ಅವನು ಮೇಲೆ ಬಂದ, ಬಾಗಿಲಲ್ಲಿ ನಿಂತ, ಸಾಲು ಹೊದಿಕೆಗಳಾಚೆ ಅವನಿಗೆ ಯಾರೂ ಕಾಣಲಿಲ್ಲ. ಬೀಗ ಹಾಕಿ ಮಸೀದಿಗೆ ಹೋದ. ಶುಕ್ರವಾರ ನಮಾಜಿನ ನಂತರ ಊರಿನ ಹಳೆ ಪೇಟೆ ರೂವಿಗೆ ಹೋಗಿ ತನ್ನೂರಿನವರ ಜೊತೆ ಊಟ ಮಾಡಿ ಸಂಜೆಗೆ ಬರುವುದು ಅವನ ವಾಡಿಕೆ.

ಬಾಗಿಲಿಗೆ ಬೀಗ ಬಿದ್ದಿದೆ ಎಂದು ಗೊತ್ತಾದದ್ದು ಹನ್ನೆರಡಕ್ಕೆ. ಮೊದಲ ಅರ್ಧ ಗಂಟೆ ಇಬ್ಬರೂ ನಕ್ಕಿದ್ದೂ ಇದೆ. ಬಾಗಿಲು ಬಡಿದೆವು. ಕೆಳಗೆ ಆರನೇ ಮಹಡಿಯಲ್ಲಿ ಅವರೊಬ್ಬರೇ ಇದ್ದವರು, ಐದರಲ್ಲಿ ನಾನೊಬ್ಬನೇ. ಗೋಡೆಯ ಅಂಚಿಗೆ ಹೋಗಿ ಕೂಗಿದೆವು. ಕಟ್ಟಡಕ್ಕೆ ಕಟ್ಟಡವೇ ಏಸಿಗಳ ಮೊರೆತದಲ್ಲಿ ಮುಳುಗಿತ್ತು. ರಸ್ತೆಯಲ್ಲಿ ಒಂದು ನರಪಿಳ್ಳೆಯಿಲ್ಲ. ಗಾಳಿಗಂಡಿಯೊಳಕ್ಕೆ ಕೂಗಿದರೆ ನಮ್ಮ ದನಿ ಖಾಲಿ ಬಚ್ಚಲುಗಳನ್ನು ಸುತ್ತಿ ನಮಗೇ ಮರಳುತ್ತಿತ್ತು. ಅವರು ಒಂದು ಹೊದಿಕೆಯನ್ನು ಗೋಡೆಯ ಹೊರಗೆ ಇಳಿಬಿಟ್ಟು ಬಾವುಟದಂತೆ ಆಡಿಸಿದರು. ಒಂದು ಕಾರು ಬಂತು. ಅದರಿಂದಿಳಿದವನು ತಲೆಯೆತ್ತಿ ನೋಡಿದ, ಎದುರಿನ ಕಟ್ಟಡದೊಳಗೆ ಹೋದ.

"ಬಟ್ಟೆ ಒಣಗಿಸುತ್ತಿದ್ದಾರೆ ಅಂದುಕೊಂಡ," ಎಂದರು ಅವರು. "ಅವನ ತಪ್ಪಿಲ್ಲ. ಪ್ರತಿ ವಾರ ಅದನ್ನೇ ಮಾಡುತ್ತೇನಲ್ಲ."

ಜುಲೈಯಲ್ಲಿ ಅಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ. ಗೋಡೆಗಳಿಗೆ ನೆರಳಿಲ್ಲ. ಇದ್ದದ್ದು ಟ್ಯಾಂಕಿನ ಅಡಿಯಲ್ಲಿ, ಎರಡು ಅಡಿ ಎತ್ತರದ ಸಂದು. ನಾವು ಹೊದಿಕೆಗಳನ್ನು ಹಾಸಿ ಅದರೊಳಗೆ ಹೊಟ್ಟೆಯ ಮೇಲೆ ತೆವಳಿದೆವು. ತಲೆಯೆತ್ತಿದರೆ ಟ್ಯಾಂಕಿನ ತಳ ಬಡಿಯುತ್ತಿತ್ತು. ಮಗ್ಗಲು ಬದಲಿಸಬೇಕಾದರೆ ಒಬ್ಬರು ಹೊರಗೆ ಬಂದು ಇನ್ನೊಬ್ಬರಿಗೆ ಜಾಗ ಕೊಡಬೇಕು. ಉಸಿರು ಕಟ್ಟಿದಂತಾಗಿ ನಾನು ಮತ್ತೆ ಮತ್ತೆ ಹೊರಗೆ ಹೋಗಿ ಬಾಗಿಲು ಬಡಿದು ಬರುತ್ತಿದ್ದೆ. ಕಬ್ಬಿಣ ಮುಟ್ಟಲಾಗದೆ ಕಾಲಲ್ಲಿ ಒದೆಯುತ್ತಿದ್ದೆ.

ಅವರು ನನ್ನನ್ನು ಸುಮ್ಮನೆ ಮಲಗಿಸಲು ನೋಡಿದರು. "ಒಂದು ಶಬ್ದ ಕೊಡಿ," ಅಂದರು.

"ಇಸ್ತ್ರಿ."

"ಅದು ನಮ್ಮದೇ ಇರಬೇಕು. ಇನ್ನೊಂದು."

"ಚಾವಿ."

"ಅದು ಇವತ್ತು ಬೇಡ," ಎಂದು ಮುಖ ಸಿಂಡರಿಸಿ ನಕ್ಕರು.

ಒಂದೂವರೆಯ ಹೊತ್ತಿಗೆ ಅವರು ತಮ್ಮ ದಿನದ ಸುಖಗಳನ್ನು ಹೇಳತೊಡಗಿದರು. ಹೇಳಿಕೊಳ್ಳುತ್ತಿದ್ದದ್ದು ತಮಗೇ ಇರಬೇಕು. ರೊಟ್ಟಿಯ ಅಂಚಿನ ಸುಟ್ಟ ಗುಳ್ಳೆ. ಕೆಫೆಟೇರಿಯಾದವನು ಕೇಳದೆಯೇ ಸಕ್ಕರೆ ಕಡಿಮೆ ಹಾಕುವುದು. ಲಿಸ್ಬನ್ನಿನಿಂದ ವಾರ ತಡವಾಗಿ ಬರುವ ಪತ್ರಿಕೆಯಲ್ಲಿ ಮೊದಲು ಹವಾಮಾನ ಓದುವುದು, ಮುಗಿದುಹೋದ ಮಳೆಗಾಗಿ ಕೊಡೆ ಬೇಕಿತ್ತೇ ಎಂದು ನಿರ್ಧರಿಸುವುದು. ಸಂಜೆ ಸಮುದ್ರದಂಡೆಯಲ್ಲಿ ಫುಟ್ಬಾಲ್ ಆಡುವವರ ಚಪ್ಪಲಿಗಳನ್ನು ಕಾಯುವುದು. "ಯಾರೂ ನನ್ನನ್ನು ಕಾಯಲು ಹೇಳಿಲ್ಲ," ಅಂದರು. "ಆದರೆ ನಾನು ಹೋಗದಿದ್ದ ದಿನ ಅವರು ಕೇಳುತ್ತಾರೆ." ಆ ಕ್ಷಣ ನನಗೆ ಅವರ ಮೇಲೆ ಸಿಟ್ಟು ಬಂದದ್ದನ್ನು ಇಲ್ಲಿ ಬರೆಯಲೇಬೇಕು. ನನ್ನಷ್ಟೇ ಸಿಕ್ಕಿಬಿದ್ದಿದ್ದ ಮನುಷ್ಯ, ಅಂಥವನೇ ಕಫೀಲ, ಅಂಥದೇ ಗಡುವು, ಅದೇ ಟ್ಯಾಂಕಿನ ಅಡಿ. ಇಷ್ಟನ್ನೆಲ್ಲ ಎಲ್ಲಿಂದ ಕೂಡಿಹಾಕಿದ್ದರು?

ಎರಡಕ್ಕೆ ಅವರು ಬೆವರುವುದು ನಿಂತಿತು. ನಾನು ಗಮನಿಸಿದ್ದು ಕೈ ಮುಟ್ಟಿದಾಗ: ಒಣಗಿ, ರೊಟ್ಟಿಯ ಹೆಂಚಿನಂತೆ ಬಿಸಿ. ಸೈಟಿನಲ್ಲಿ ಕೂಲಿಯವರಿಗೆ ಹೀಗಾದದ್ದನ್ನು ಕಂಡಿದ್ದೆ, ಅದರ ಅರ್ಥ ಗೊತ್ತಿತ್ತು. ಶಬ್ದ ಕೇಳಿದರೆ ಅವರು ತಮ್ಮ ಭಾಷೆಯಲ್ಲಿ ಇನ್ನಾರಿಗೋ ಉತ್ತರ ಕೊಡತೊಡಗಿದರು. ನಾನು ಏಣಿ ಹತ್ತಿ ಮತ್ತೆ ಟ್ಯಾಂಕಿನ ಮುಚ್ಚಳ ತೆಗೆದೆ, ಯಾಕೆ ಎಂದು ನನಗೇ ಗೊತ್ತಿಲ್ಲ. ಈ ಸಲ ಕಣ್ಣು ಕತ್ತಲೆಗೆ ಹೊಂದುವವರೆಗೆ ಒಳಗೆ ತಲೆಯಿಟ್ಟು ಕಾದೆ. ಹೊರಹೋಗುವ ಕೊಳವೆಯ ಬಾಯಿಗಿಂತ ಕೆಳಗೆ, ಗೇಣುದ್ದ ನೀರು ನಿಂತಿತ್ತು. ಕೆಸರು, ಪಾಚಿ, ಚಹಾದಷ್ಟು ಬಿಸಿ. ಪೂರಾ ಖಲಾಸ್ ಎಂದು ನಾನು ಕೂಗಿದ್ದು ಅದನ್ನೇ.

ಹೊದಿಕೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ನೆನೆಸಿ, ಎಳೆದು, ಅವರ ಮೈಗೆ ಸುತ್ತಿದೆ. ಒದ್ದೆಯಾದಾಗ ಬಿಸಿ, ಎರಡು ನಿಮಿಷಕ್ಕೆ ಒಣಹವೆಗೆ ತಣ್ಣಗಾಗುತ್ತದೆ, ಆರು ನಿಮಿಷಕ್ಕೆ ಒಣಗಿಬಿಡುತ್ತದೆ. ಮತ್ತೆ ಏಣಿ. ನಾಲ್ಕು ಇಪ್ಪತ್ತೈದರವರೆಗೆ ನಾನು ಅದನ್ನೇ ಮಾಡಿದೆ, ನಡುನಡುವೆ ಬಾಗಿಲು ಒದೆದು ಬಂದೆ. ಎಷ್ಟು ಸಲ ಎಂದು ನೆನಪಿಲ್ಲ. ಅಂಗೈಯ ಚರ್ಮ ಏಣಿಗೆ ಹತ್ತಿಕೊಂಡಿದ್ದು ಆಮೇಲೆ ಗೊತ್ತಾಯಿತು. ಅವರ ತುಟಿಗೂ ಆ ನೀರನ್ನೇ ಹಿಂಡಿದೆ. ನಾನೂ ಕುಡಿದೆ.

ನಾಲ್ಕು ಇಪ್ಪತ್ತೈದಕ್ಕೆ ಮೊದಲ ಮಹಡಿಯ ಉಡುಪಿಯವರು ಮಧ್ಯಾಹ್ನದ ನಿದ್ದೆಯಿಂದೆದ್ದು ನಲ್ಲಿ ತಿರುಗಿಸಿದರಂತೆ. ಕೊಳವೆಯೊಳಗಿನ ಕೊನೆಯ ನೀರೂ ಮುಗಿದಿತ್ತು. ವಾಚ್‌ಮನ್‌ನ ಕೋಣೆಗೆ ಬೀಗ. ಬೈದುಕೊಳ್ಳುತ್ತ ಮೇಲೆ ಹತ್ತಿದವರಿಗೆ ಬಾಗಿಲು ಒದೆಯುವ ಸದ್ದು ಕೇಳಿತು.

"ಯಾರು ಮಾರಾಯ್ರೆ ಒಳಗೆ?"

ನಾನು ಮತ್ತೆ ಬಾಗಿಲಿಗೆ ಒದ್ದೆ. ನಾಲಿಗೆ ಅಂಟಿತ್ತು. ಅವರು ಕೆಳಗೋಡಿ ಕಾರಿನ ವ್ಹೀಲ್ ಸ್ಪ್ಯಾನರ್ ತಂದು ಬೀಗದ ಕೊಂಡಿಯನ್ನೇ ಕಿತ್ತರು.

ಲಿಸ್ಬನ್ನಿನವರನ್ನು ಐಸಿಯುಗೆ ಹಾಕಿದರು. ನನಗೆ ಸಲೈನ್ ಹಚ್ಚಿ ರಾತ್ರಿ ಮನೆಗೆ ಕಳಿಸಿದರು. ಕರೆತಂದವರು ಉಡುಪಿಯವರೇ. ಕೆಳಗೆ ವಾಚ್‌ಮನ್ ನಿಂತಿದ್ದ. ಅವನ ಪಕ್ಕದಲ್ಲಿ ಕಟ್ಟಡದ ಮಾಲೀಕರ ಪರವಾಗಿ ಎಲ್ಲ ನೋಡಿಕೊಳ್ಳುತ್ತಿದ್ದ ಮ್ಯಾನೇಜರ್, ಬಿಳಿ ದಿಶ್‌ದಾಶಾ ತೊಟ್ಟ ಹಿರಿಯ ಒಮಾನಿ. ಸುದ್ದಿ ಕೇಳಿ ಬಂದಿದ್ದರು.

"ಇವ ಹೇಳುದು ಕೇಳಿ," ಅಂದರು ಉಡುಪಿಯವರು. "ಕೇಳಿಯೇ ಬೀಗ ಹಾಕಿದ್ದಂತೆ. ನೀವು ಖಲಾಸ್ ಅಂದ್ರಂತೆ. ಅಲ್ಲ, ತಾರಸಿಯಲ್ಲಿದ್ದವರು ಬೀಗ ಹಾಕು ಅಂತ ಹೇಳ್ತಾರಾ? ಹೇಳಿದ್ರಾ ನೀವು?"

"ಇಲ್ಲ," ಅಂದೆ.

ಇಡೀ ದಿನದಲ್ಲಿ ಯೋಚಿಸಿ ಆಡಿದ ಮಾತು ಅದೊಂದೇ. ಮ್ಯಾನೇಜರ್ ಆಗಲೇ ಪೊಲೀಸ್ ಎಂಬ ಶಬ್ದ ಬಳಸಿದ್ದರು. ಐಸಿಯುನಲ್ಲಿದ್ದ ಮುದುಕ ಸತ್ತರೆ ಯಾರ ಹೆಸರು ಬರೆಯುತ್ತಾರೆ? ನನ್ನ ಹೆಸರು ಒಂದು ಕಾಗದದ ಮೇಲೆ ಬಂದರೆ ಬುಧವಾರದ ಹಾಳೆಯ ಮೇಲೂ ಬರುತ್ತದೆ. ಇದಿಷ್ಟೂ ಒಂದು ಉಸಿರಿನೊಳಗೆ ತಲೆಯಲ್ಲಿ ಹಾದುಹೋಯಿತು. ವಾಚ್‌ಮನ್ ನನ್ನ ಮುಖ ನೋಡಿದ. ವಾದಿಸಲಿಲ್ಲ. ಮ್ಯಾನೇಜರ್ ಅವನಿಗೆ ಹೇಳಿದ್ದು ನನಗೂ ಅರ್ಥವಾಯಿತು: ತಿಂಗಳ ಕೊನೆಗೆ ವೀಸಾ ರದ್ದು, ಊರಿಗೆ ಹೊರಡು. ಹದಿನಾಲ್ಕು ವರ್ಷ ಆ ಕಟ್ಟಡ ಕಾದವನು. ಎಣ್ಣೆಯ ಬೆಲೆ ಹಾಗಿದ್ದಾಗ ಒಮ್ಮೆ ಹೋದರೆ ಮರಳಿ ಬರುವ ದಾರಿಯಿರಲಿಲ್ಲ. ಊರಲ್ಲಿ ಅವನ ಗಳಿಕೆಯ ಮೇಲೆ ಇಬ್ಬರು ಮಗಳಂದಿರ ಮದುವೆ ನಿಂತಿತ್ತು. ಅದನ್ನು ಅವನೇ ಒಮ್ಮೆ ನನಗೆ ಹೇಳಿದ್ದ.

ನಿದ್ದೆ ಆ ರಾತ್ರಿಯೇ ಹೋಯಿತು. ಕಣ್ಣು ಮುಚ್ಚಿದರೆ ಬಾಗಿಲಿನ ಸದ್ದು. ಮಲಗುವ ಕೋಣೆಯ ಬಾಗಿಲು, ಆಮೇಲೆ ಮನೆಯ ಬಾಗಿಲನ್ನೂ ತೆರೆದಿಟ್ಟು ಮಲಗಿದೆ. ಎರಡು ಗಂಟೆಗೆ ಎದ್ದು ಅದು ತೆರೆದೇ ಇದೆಯೇ ನೋಡುತ್ತಿದ್ದೆ. ಆಫೀಸಿನಲ್ಲಿ ನಕ್ಷೆಯ ಮೇಲೆ ತೂಕಡಿಸುತ್ತಿದ್ದೆ. ವೈದ್ಯರು ಬಿಸಿಲಿನ ಪರಿಣಾಮ ಅಂದರು. ದಿನಾ ಬೆಳಿಗ್ಗೆ ಇಳಿದು ಬಂದಾಗ ವಾಚ್‌ಮನ್ ಮೊದಲಿನಂತೆಯೇ ಎದ್ದು ನಿಂತು "ಸಲಾಂ ಸಾಬ್" ಅನ್ನುತ್ತಿದ್ದ. ನನ್ನ ಕಾರಿನ ಗಾಜು ಒರೆಸಿಟ್ಟಿರುತ್ತಿದ್ದ. ಬೈದಿದ್ದರೆ ನಾನು ಏನಾದರೂ ಉತ್ತರ ಕೊಡುತ್ತಿದ್ದೆ.

ಹತ್ತನೆಯ ದಿನ ಲಿಸ್ಬನ್ನಿನವರನ್ನು ವಾರ್ಡಿಗೆ ತಂದರು. ನೋಡಲು ಹೋದೆ. ಅರ್ಧ ಇಳಿದುಹೋಗಿದ್ದರು. ಕಿಟಕಿಯ ಪರದೆ ಸರಿಸಲು ಹೇಳಿದರು, ಪಾರ್ಕಿಂಗಿನಲ್ಲಿ ಯಾರೋ ಕಾರು ಹಿಂದೆ ತೆಗೆಯಲು ಪಡುತ್ತಿದ್ದ ಪಾಡನ್ನು ಇಬ್ಬರೂ ಕೊನೆಯವರೆಗೆ ನೋಡಿದೆವು. ಆಸ್ಪತ್ರೆಯ ಜೆಲ್ಲಿ ಚೆನ್ನಾಗಿದೆ ಅಂದರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು:

"ಮ್ಯಾನೇಜರ್ ಬಂದಿದ್ದ. ವಾಚ್‌ಮನ್ ಕೇಳಿದ್ದನೇ ಅಂತ ವಿಚಾರಿಸಿದ. ನನಗೆ ನೆನಪಿಲ್ಲ ಅಂದೆ."

ನಾನು ಪರದೆಯನ್ನು ಇನ್ನಷ್ಟು ಸರಿಸಿದೆ.

"ನೆನಪಿದೆ. ನಾನು ಹಗ್ಗದ ಹತ್ತಿರವೇ ಇದ್ದೆ. ಒಂದು ಕೇಳಲೇ? ನೀವು ಅದನ್ನು ಯಾವ ಭಾಷೆಯಲ್ಲಿ ಹೇಳಿದಿರಿ?"

"ನಮ್ಮದರಲ್ಲಿ. ಬರಿದಾಗಿದೆ ಅಂತ."

"ಅವನು?"

"ಅರಬ್ಬಿಯಲ್ಲಿ ಕೇಳಿಸಿಕೊಂಡ."

ಶಬ್ದ ಸಿಕ್ಕಾಗಿನ ಹಳೆಯ ಬೆಳಕು ಒಂದು ಗಳಿಗೆ ಅವರ ಮುಖದ ಮೇಲೆ ಬಂದು ಹೋಯಿತು. "ನೀವು ನನ್ನ ಪ್ರಾಣ ಉಳಿಸಿದ್ದೀರಿ. ಆದ್ದರಿಂದ ನೀವು ಆಡಿದ ಮಾತನ್ನು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಅವನ ತಿಂಗಳು ಮುಗಿಯುತ್ತಾ ಬಂತಲ್ಲವೇ?"

ಅಲ್ಲಿಂದ ನೇರವಾಗಿ ಮ್ಯಾನೇಜರರ ಕಚೇರಿಗೆ ಹೋದೆ ಎಂದು ಬರೆಯುವ ಆಸೆಯಾಗುತ್ತದೆ. ಹೋಗಲಿಲ್ಲ. ಬುಧವಾರದ ಹಾಳೆ ಬಂತು, ಅದರಲ್ಲಿ ನನ್ನ ಹೆಸರಿರಲಿಲ್ಲ. ಈಗ ಕೆದಕುವುದು ಬೇಡ ಅನ್ನಿಸಿತು. ಇನ್ನೂ ಒಂದು ವಾರ ಕಳೆಯಿತು. ಆಗಸ್ಟ್ ಮೊದಲ ವಾರದ ಸೋಮವಾರ ಹೆಂಡತಿ ಮಕ್ಕಳು ಊರಿಂದ ಬಂದರು. ಹಿಂದಿನ ತಿಂಗಳ ಸಂಬಳ ಕಟ್ಟಡದವರು ಇನ್ನೂ ಕೊಟ್ಟಿರದ ಕಾರಣ ವಾಚ್‌ಮನ್‌ನ ಹೊರಡುವ ದಿನ ಮಾತ್ರ ಕೆಲವು ದಿನ ಮುಂದೆ ಹೋಗಿತ್ತು. ಅವನೇ ಸೂಟ್‌ಕೇಸುಗಳನ್ನು ಮೇಲೆ ತಂದಿಟ್ಟ. ನನ್ನಾಕೆ ಅವನಿಗೆಂದು ತಂದಿದ್ದ ಶೇಂಗಾ ಉಂಡಿಯ ಡಬ್ಬಿ ಕೊಡಹೋದಳು. "ಅಬ್ ಘರ್ ಜಾ ರಹಾ ಹೂಂ, ಭಾಭೀಜಿ," ಅಂದ. ಮನೆಗೆ ಹೋಗುತ್ತಿದ್ದೇನೆ ಎಂದಷ್ಟೇ. ಯಾಕೆಂದು ಹೇಳಲಿಲ್ಲ.

ಅವಳು ನನ್ನನ್ನು ಕೇಳಿದಳು. ಫೋನಿನಲ್ಲಿ ನಾನು ಅವಳಿಗೆ ಹೇಳಿದ್ದ ಕಥೆಯಲ್ಲಿ ಖಲಾಸ್ ಇರಲಿಲ್ಲ. ಬಾಗಿಲು ಮುಚ್ಚಲು ಹೋದವಳನ್ನು ತಡೆದು, ಅಲ್ಲೇ ಹೊಸ್ತಿಲ ಬಳಿ ನಿಂತು ಎಲ್ಲ ಹೇಳಿದೆ.

ಅವಳು ಡಬ್ಬಿ ಹಿಡಿದುಕೊಂಡೇ ನಿಂತಿದ್ದಳು. "ಅಲ್ರೀ," ಅಂದಳು, "ಅಷ್ಟು ಬಿಸಲಾಗ ಸಾಯೋ ಮುದುಕನ್ನ ಬದಕಿಸಿದ ಮನಷ್ಯಾಗ, ನೆಳ್ಳಾಗ ನಿಂತು ಒಂದ ಮಾತು ಹೇಳಾಕ ಆಗಲಿಲ್ಲೇನು?"

"ಕೆಲಸ ಹೋದರ?"

"ಹೋದರ ಹೋಗಲಿ. ಹೋದವ್ರೆಲ್ಲ ಏನು ಉಪವಾಸ ಸತ್ತಾರೇನು? ಅವ ಹೋದರ ಮಾತ್ರ ನೀವು ಕಳಿಸಿದ್ದು. ಬರ್ರಿ, ನಾನೂ ಬರ್ತೀನಿ. ಕಾರ್ ತಗೀರಿ."

ಅವಳು ಕಾರಿನಲ್ಲೇ ಕೂತಳು, ನಾನು ಒಳಗೆ ಹೋದೆ. ಮ್ಯಾನೇಜರ್ ಚಹಾ ತರಿಸಿ ಪೂರ್ತಿ ಕೇಳಿದರು. ಗಾಳಿಗಂಡಿಯ ಚಿತ್ರವನ್ನು ಕಾಗದದ ಮೇಲೆ ಬರೆದು ತೋರಿಸಿದೆ.

"ಅವನು ಖಲಾಸ್ ಅಂದ, ನೀನೂ ಖಲಾಸ್ ಅಂದೆ," ಅಂದರು ಅವರು, ನಮ್ಮೆಲ್ಲರಿಗೂ ಅರ್ಥವಾಗುವ ಮುರುಕು ಹಿಂದಿಯಲ್ಲಿ. "ಹಾಗಾದರೆ ಸುಳ್ಳು ಯಾರದು?"

"ಆಮೇಲೆ ಇಲ್ಲ ಅಂದೆನಲ್ಲ, ಅದು."

ಅವರು ನಗಲಿಲ್ಲ. ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡು ಅಂದರು. ಆಸ್ಪತ್ರೆಯವರೋ ಆ ಪೋರ್ಚುಗೀಸನೋ ದೂರು ಕೊಟ್ಟರೆ ಈ ಕಾಗದ ಪೊಲೀಸರಿಗೆ ಹೋಗುತ್ತದೆ, ಆಗ ನಿನ್ನ ಕಫೀಲನಿಗೂ ತಿಳಿಯುತ್ತದೆ, ಗೊತ್ತಿರಲಿ. ಬರೆದೆ. ಅದನ್ನು ಡ್ರಾಯರಿನೊಳಗಿಟ್ಟು, ಇನ್ನೊಂದು ಕಾಗದವನ್ನು ಹೊರತೆಗೆದು ನನ್ನೆದುರೇ ಎರಡು ತುಂಡು ಮಾಡಿದರು. ವಾಚ್‌ಮನ್‌ನ ವೀಸಾ ರದ್ದತಿಯ ಅರ್ಜಿ. ಅವನಿಗೆ ಹೇಳುವ ಕೆಲಸ ನಿನ್ನದೇ ಅಂದರು.

ವಾಚ್‌ಮನ್ ಪಾರ್ಕಿಂಗಿನಲ್ಲಿ ಪೈಪು ಸುತ್ತುತ್ತಿದ್ದ. ನಾನು ಹೇಳಿ ಮುಗಿಸುವವರೆಗೂ ಸುತ್ತುತ್ತಲೇ ಇದ್ದ. ಪೂರ್ತಿ ಸುತ್ತಿ, ಮೊಳೆಗೆ ತೂಗುಹಾಕಿ, ಕೈ ಒರೆಸಿಕೊಂಡ.

"ಪಚ್ಚೀಸ್ ದಿನ್, ಸಾಬ್," ಅಂದ.

ಇಪ್ಪತ್ತೈದು ದಿನ. ಅವನೂ ಎಣಿಸಿದ್ದ. ಅವನು ನನ್ನ ಪಕ್ಕದಿಂದ ಹಾದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಉಡುಪಿಯವರಿಗೂ ನಾನೇ ತಿಳಿಸಿದೆ. "ಎಂತ ಜನ ಮಾರಾಯ್ರೆ ನೀವು. ನಾನು ಅವನಿಗೆ ಎಷ್ಟು ಬೈದೆ ಗೊತ್ತುಂಟಾ?" ಎಂದು ಒಳಗೆ ಹೋದರು. ದೀಪಾವಳಿಯವರೆಗೆ ಮಾತಾಡಲಿಲ್ಲ.

ಸಂಜೆ ಮಕ್ಕಳಿಗೆ ಹಾಲು ತರಲು ಇಳಿದೆ. ವಾಚ್‌ಮನ್ ತನ್ನ ಸ್ಟೂಲಿನ ಮೇಲೆ ಕೂತಿದ್ದ. ಎದ್ದು ನಿಲ್ಲಲಿಲ್ಲ, ಸಲಾಂ ಹೇಳಲಿಲ್ಲ. ಮುಖ ರಸ್ತೆಯ ಕಡೆಗಿತ್ತು. ನಾನೇ ಸಲಾಂ ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ, ರಸ್ತೆಯನ್ನೇ ನೋಡುತ್ತ, ತಲೆಯಾಡಿಸಿದ.

ಆ ಸೋಮವಾರ ರಾತ್ರಿ ಊಟ ಮುಗಿಸಿ ಮಲಗಿದವನು ಎರಡು ಗಂಟೆಗೆ ಬಾಗಿಲು ನೋಡಲು ಏಳಲಿಲ್ಲ. ಎಚ್ಚರವಾದದ್ದು ಮರುದಿನ ಹೆಂಡತಿ ಹೆಗಲು ಅಲುಗಿಸಿದಾಗ.

"ಏಳೂ ಇಪ್ಪತ್ತಾತು. ಏಳ್ರಿ, ಆಫೀಸ್ ಇಲ್ಲೇನು?"